ಕಂಡಕ್ಟರ್ ಕೈಯ ಡಬ್ಬಿ

ಮಂಚ ಹನ್ನೆರಡು, ಜನ ಮೂವತ್ತು. ದಿನಾ ಮಧ್ಯಾಹ್ನ ನಾಲ್ಕು ಗಂಟೆಗೆ ನಮ್ಮ ಮನೆಯ ಬಾಗಿಲಲ್ಲಿ ನಡೆಯುವ ತಕರಾರೆಲ್ಲ ಇಷ್ಟೇ. ಈ ಲೆಕ್ಕ ನಾನು ಬಂದ ಮೊದಲ ದಿನವೂ ನನಗೆ ಸರಿಕಂಡಿರಲಿಲ್ಲ, ಇವತ್ತಿಗೂ ಕಂಡಿಲ್ಲ. ನಾನು ಈ ಮನೆಯ ಅಡುಗೆಯವಳು. ಒಂಬತ್ತು ವರ್ಷದಿಂದ ಇಲ್ಲಿ ಸೂಪು ಕುದಿಸುತ್ತಿದ್ದೇನೆ. ಸೂಪಿಗಾದರೆ ನೀರು ಹಾಕಿ ಹೆಚ್ಚಿಸಬಹುದು, ಮಂಚಕ್ಕೆ ಏನು ಹಾಕಿ ಹೆಚ್ಚಿಸುವುದು?

ಟೈರ್ ಅಂಗಡಿಗೆ ಅಂಟಿಕೊಂಡಿರುವ ಎರಡು ಮಹಡಿಯ ಹಳೇ ಕಟ್ಟಡ ನಮ್ಮದು. ಚರ್ಚಿನವರು ಬಿಟ್ಟುಕೊಟ್ಟಿದ್ದು. ಬಾಗಿಲ ಮೇಲೆ ಒಂದು ಮರದ ಶಿಲುಬೆ, ಅದರ ಕೆಳಗೆ ‘ಬನ್ನಿ’ ಎಂಬ ಒಂದೇ ಮಾತು ಬರೆದ ಹಲಗೆ. ಮನೆಯಿಲ್ಲದವರು ಬರುತ್ತಾರೆ, ಉಣ್ಣುತ್ತಾರೆ, ಸ್ನಾನ ಮಾಡುತ್ತಾರೆ, ಹನ್ನೆರಡು ಜನ ಮಹಡಿಯ ಮೇಲೆ ಮಲಗುತ್ತಾರೆ. ಮಧ್ಯೆ ಒಂದು ಪರದೆ ಇದೆ. ಆ ದಿನ ಹೆಂಗಸರು ಎಷ್ಟು, ಗಂಡಸರು ಎಷ್ಟು ಎಂದು ನೋಡಿ ಪರದೆಯನ್ನು ಆ ಕಡೆಗೋ ಈ ಕಡೆಗೋ ಎಳೆಯುತ್ತೇವೆ. ಬಂದವರನ್ನು ಅತಿಥಿ ಎಂದೇ ಕರೆಯಬೇಕು, ಬೇರೆ ಮಾತು ಕೂಡದು ಎನ್ನುವುದು ಹಿರಿಯಕ್ಕನ ಕಟ್ಟಪ್ಪಣೆ. ಹಿರಿಯಕ್ಕ ಎಂದರೆ ಈ ಮನೆ ಶುರು ಮಾಡಿದವರು, ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು, ಈಗಲೂ ಎಲ್ಲರ ತಪ್ಪು ತಿದ್ದುತ್ತಾರೆ. ಅತಿಥಿ ಅಂದಮೇಲೆ ಹದಿನೆಂಟು ಅತಿಥಿಗಳನ್ನು ಬೀದಿಗೆ ವಾಪಸ್ ಕಳಿಸುವುದು ಯಾವ ಸೀಮೆಯ ಸತ್ಕಾರ ಎಂದು ನಾನು ಕೇಳಿದರೆ ಅವರು ನನ್ನ ಸೂಪಿಗೆ ಉಪ್ಪು ಸಾಲದು ಎನ್ನುತ್ತಿದ್ದರು.

ದೂರದಿಂದ ನೋಡಿದವರಿಗೆ ಇದು ಪುಣ್ಯದ ಕೆಲಸ. ಹತ್ತಿರದಿಂದ ನೋಡಿದರೆ ಕಟ್ಟಿಕೊಂಡ ಬಚ್ಚಲು. ವಾರಕ್ಕೆರಡು ಸಲ ಕೂದಲು, ಸೋಪಿನ ತುಂಡು, ಒಮ್ಮೆ ಯಾರದೋ ಹಲ್ಲಿನ ಸೆಟ್ಟು, ಎಲ್ಲವನ್ನೂ ನಾನೇ ಕೈಹಾಕಿ ತೆಗೆದಿದ್ದೇನೆ. ಬಟ್ಟೆ ಒಗೆಯುವ ಮಷಿನ್ನು ಒಂದೇ, ಅದೂ ತಿರುಗುವಾಗ ನಡೆದುಕೊಂಡು ಬಾಗಿಲವರೆಗೆ ಬರುತ್ತದೆ. ನಮಗೆ ಬೇಕಾದದ್ದು ಕಾಲುಚೀಲ. ದಾನ ಕೊಡುವವರು ಮೂಟೆಗಟ್ಟಲೆ ಕಳಿಸುವುದು ಟೈ, ಎತ್ತರ ಹಿಮ್ಮಡಿಯ ಚಪ್ಪಲಿ. ಒಂದು ಸಲ ಈಜುವ ಕನ್ನಡಕ ಬಂದಿತ್ತು. ನನ್ನ ತಂಗಿ ಫೋನ್ ಮಾಡಿದಾಗಲೆಲ್ಲ, “ಅಕ್ಕಾ, ಕಂಡೋರ ಚಾಕರಿ ಮಾಡಿ ನಿನಗೇನು ಸಿಗುತ್ತೆ? ಬಂದು ನಮ್ಮನೇಲಿರು” ಎನ್ನುತ್ತಾಳೆ. ಅವಳ ಮನೆಗೆ ಹೋದರೆ ಅವಳ ಚಾಕರಿ ಮಾಡಬೇಕು, ಅದು ನನಗೆ ಗೊತ್ತು.

ಈ ಬರಹ ನನ್ನ ಬಗ್ಗೆ ಅಲ್ಲ. ಡಬ್ಬಿ ಹಿಡಿಯುತ್ತಿದ್ದ ಕಂಡಕ್ಟರ್ ಬಗ್ಗೆ. ಆದರೆ ನನ್ನನ್ನು ಬಿಟ್ಟು ಅವರ ಕಥೆ ಹೇಳುವ ಯೋಗ್ಯತೆಯನ್ನು ನಾನು ಕಳೆದುಕೊಂಡಿದ್ದೇನೆ, ಹಾಗಾಗಿ ನಾನೂ ಬರುತ್ತೇನೆ.

ಮನೆ ಶುರುವಾದ ಹೊಸದರಲ್ಲಿ ಡಬ್ಬಿ ಇರಲಿಲ್ಲವಂತೆ. ಯಾರಿಗೆ ಹೆಚ್ಚು ಕಷ್ಟವೋ ಅವರಿಗೆ ಮಂಚ ಎಂದು ಹಿರಿಯಕ್ಕ ದಿನಾ ಬಾಗಿಲಲ್ಲಿ ನಿಂತು ಆರಿಸುತ್ತಿದ್ದರು. ಒಂದು ತಿಂಗಳಲ್ಲಿ ಎಲ್ಲರೂ ಕುಂಟತೊಡಗಿದರು. ಕೆಮ್ಮದವನೇ ಇಲ್ಲ. ಒಬ್ಬ ತನ್ನ ಕಾಲಿನ ಗಾಯ ವಾಸಿಯಾಗದ ಹಾಗೆ ದಿನಾ ಕೆದಕಿಕೊಳ್ಳುತ್ತಿದ್ದ. ಆಸ್ಪತ್ರೆಯಲ್ಲಿ ಆ ಕಾಲಿನ ಎರಡು ಬೆರಳು ತೆಗೆದರು. ಆವತ್ತು ಹಿರಿಯಕ್ಕ, ಇನ್ನು ನಾನು ಆರಿಸುವುದಿಲ್ಲ ಎಂದು ಕೂತುಬಿಟ್ಟರು. ಮುಚ್ಚಿಹೋದ ಸಮವಸ್ತ್ರ ಕಾರ್ಖಾನೆಯಿಂದ ಒಂದು ಮೂಟೆ ಅಂಗಿ ಗುಂಡಿ ಬಂದಿತ್ತು, ಬಿಳಿ ಮತ್ತು ಕಪ್ಪು, ಒಂದೇ ಅಳತೆ, ಮುಟ್ಟಿದರೆ ವ್ಯತ್ಯಾಸ ತಿಳಿಯದು. ಒಂದು ಬಿಸ್ಕತ್ತಿನ ಡಬ್ಬಿಯ ಬಾಯಿಗೆ ತೂತಿನ ಬಟ್ಟೆ ಕಟ್ಟಿದರು. ನಿಂತ ಜನರಷ್ಟು ಗುಂಡಿ ಅದರೊಳಗೆ. ಹನ್ನೆರಡು ಬಿಳಿ, ಉಳಿದದ್ದು ಕಪ್ಪು. ಬಿಳಿ ಬಂದವರು ಮಹಡಿಗೆ, ಕಪ್ಪು ಬಂದವರು ಊಟ ಮಾಡಿ ಬೀದಿಗೆ.

ಡಬ್ಬಿ ಹಿಡಿಯಲು ಕಂಡಕ್ಟರ್ ಸಿಕ್ಕಿದರು. ಹನ್ನೊಂದು ವರ್ಷ ಅವರೇ ಹಿಡಿದರು. ಇಪ್ಪತ್ತಾರು ವರ್ಷ ಬಸ್ಸಿನಲ್ಲಿದ್ದವರು, ಕೊನೆಗೆ ತಪಾಸಣೆಯವರು ಹತ್ತಿ ನೋಡಿದಾಗ ಮೂರು ಜನರ ಬಳಿ ಟಿಕೆಟ್ ಇರಲಿಲ್ಲ. ಆ ಮೂವರು ಹಿಂದಿನ ಬಾಗಿಲಿಂದ ಆಗ ತಾನೇ ಹತ್ತಿದ್ದರು. ಯಾರೂ ನಂಬಲಿಲ್ಲ, ಕಳ್ಳ ಎಂದು ಬರೆದು ಕೆಲಸದಿಂದ ಕಳಿಸಿದರು. ಹೆಂಡತಿ ಅದೇ ವರ್ಷ ತೀರಿಕೊಂಡರು. ತಮ್ಮನ ಮನೆಯಲ್ಲಿ ಇದ್ದರು ಸ್ವಲ್ಪ ದಿನ. ಒಂದು ದಿನ ಊಟವಾದ ಮೇಲೆ ಕೈತೊಳೆದು ಬಂದಾಗ ತಮ್ಮನ ಹೆಂಡತಿ ಚಮಚ ಎಣಿಸುತ್ತಿದ್ದಳು. ಆಗಲೇ ಚಪ್ಪಲಿ ಮೆಟ್ಟಿಕೊಂಡು ಹೊರಬಂದವರು ಎರಡು ವರ್ಷ ಬೀದಿಯಲ್ಲೇ ಇದ್ದರು. ನಮ್ಮ ಬಾಗಿಲಿಗೆ ಬಂದ ಮೂರನೇ ವಾರ ಹಿರಿಯಕ್ಕ ಅವರ ಕೈಗೆ ಡಬ್ಬಿ ಕೊಟ್ಟರು. “ನನ್ನ ಕೈಗಾ? ನನ್ನ ವಿಷಯ ಗೊತ್ತಲ್ಲ ನಿಮಗೆ?” ಎಂದು ಕೇಳಿದರಂತೆ. “ಗೊತ್ತು, ಹಿಡೀರಿ” ಎಂದರಂತೆ ಹಿರಿಯಕ್ಕ. ಈ ಮಾತನ್ನು ಕಂಡಕ್ಟರ್ ನನಗೆ ಕನಿಷ್ಠ ಇಪ್ಪತ್ತು ಸಲ ಹೇಳಿದ್ದಾರೆ. ಪ್ರತಿ ಸಲವೂ ಮೊದಲ ಸಲ ಹೇಳುತ್ತಿರುವಂತೆಯೇ ಹೇಳುತ್ತಿದ್ದರು.

ಅವರ ಶಿಸ್ತು ನೋಡಿ ನನಗೆ ಸಿಟ್ಟು ಬರುತ್ತಿತ್ತು. ಮೂರೂವರೆಗೆ ಬೀದಿಗೆ ಹೋಗಿ ತಲೆ ಎಣಿಸುತ್ತಾರೆ, ಬಸ್ಸಿನಲ್ಲಿ ಎಣಿಸಿದ ಹಾಗೆ ಬೆರಳು ಆಡಿಸುತ್ತ. ಅಡುಗೆಮನೆಯ ಮೇಜಿನ ಮೇಲೆ ಗುಂಡಿ ಹರವಿ ಎರಡು ಸಲ ಎಣಿಸುತ್ತಾರೆ, ನಾನು ಅಲ್ಲಿ ಈರುಳ್ಳಿ ಹೆಚ್ಚುತ್ತಿದ್ದರೂ ಸರಿ. ಡಬ್ಬಿಗೆ ಹಾಕಿ ಬಟ್ಟೆ ಬಿಗಿಯುತ್ತಾರೆ. ಒಳಗೆ ಹೋಗಿ ಹಳೇ ಕಂಡಕ್ಟರ್ ಟೋಪಿ ಹಾಕಿಕೊಂಡು, ಮೂಲೆಯ ಮೇರಿಯಮ್ಮನ ಪ್ರತಿಮೆಯ ಮುಂದೆ ಎರಡು ನಿಮಿಷ ನಿಂತು ಬರುತ್ತಾರೆ. ಆಮೇಲೆ ಬಾಗಿಲು. ಡಬ್ಬಿಯನ್ನು ತಮ್ಮ ತಲೆಗಿಂತ ಮೇಲೆ ಎತ್ತಿ ಹಿಡಿದು, ಮುಖ ಬೇರೆ ಕಡೆ ತಿರುಗಿಸಿ, “ಕೈ ಹಾಕಿ, ತೆಗೀರಿ, ರೈಟ್, ಮುಂದೆ” ಎನ್ನುತ್ತಾರೆ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. “ನೋಡಿದ್ರೆ ಕೈ ನಡುಗುತ್ತೆ” ಎಂದಿದ್ದರು ಒಮ್ಮೆ.

ಇನ್ನು ಈ ಮನೆಯ ಒಂದು ಕೆಟ್ಟ ಚಟ ಹೇಳಬೇಕು. ಇಲ್ಲಿ ಎಲ್ಲರೂ ಬೇರೆಯವರ ತಪ್ಪನ್ನು ತಮ್ಮ ತಲೆ ಮೇಲೆ ಹಾಕಿಕೊಳ್ಳುತ್ತಾರೆ. ಪೇಂಟರ್ ಎಂಬವನೊಬ್ಬ ನಮ್ಮ ಅತಿಥಿ, ಗೋಡೆಗೆ ಬಣ್ಣ ಬಳಿಯುತ್ತಿದ್ದವನು, ಬಾಯಿ ಬಲು ಜೋರು. ಕುಡಿದು ಬಂದು ಟೈರ್ ಅಂಗಡಿಯ ಗಾಜು ಒಡೆದಾಗ ಪೊಲೀಸರ ಮುಂದೆ ಹಿರಿಯಕ್ಕ, ಏಣಿ ಸಾಗಿಸುವಾಗ ನನ್ನ ಕೈಯಿಂದಲೇ ತಗುಲಿತು ಎಂದುಬಿಟ್ಟರು. ಯಾರೋ ಕಂಬಳಿ ಕದ್ದೊಯ್ದಾಗ, ನಾನೇ ಕೊಟ್ಟೆ ಎಂದು ನಾನು ಹೇಳಿದ್ದೇನೆ. ಇದರಲ್ಲಿ ನಮಗೆ ಒಂದು ಬಗೆಯ ಸುಖವೂ ಇತ್ತು, ಸುಳ್ಳೇಕೆ ಹೇಳಲಿ.

ಈಗ ಆ ವಾರಕ್ಕೆ ಬರುತ್ತೇನೆ. ಚಳಿ ಎಂದರೆ ಚಳಿ. ಬೀದಿಯ ನಲ್ಲಿಯಲ್ಲಿ ನೀರು ಮುಟ್ಟಿದರೆ ಬೆರಳು ಹೋದಂತೆ. ಸೂಜಿಯಮ್ಮ ಆಸ್ಪತ್ರೆಯಿಂದ ಬಂದು ಐದು ದಿನವಾಗಿತ್ತು. ಅರವತ್ತು ದಾಟಿದವಳು, ಬಟ್ಟೆ ಅಂಗಡಿಗಳಿಗೆ ಹೊಲಿದುಕೊಟ್ಟು ಬದುಕಿದ್ದವಳು, ಈಗಲೂ ಸೆರಗಿನ ಅಂಚಿನಲ್ಲಿ ಎರಡು ಸೂಜಿ ಚುಚ್ಚಿಕೊಂಡಿರುತ್ತಿದ್ದಳು. ಎರಡೂ ಕಡೆ ಶ್ವಾಸಕೋಶಕ್ಕೆ ಕಫ ಕಟ್ಟಿ ಹನ್ನೆರಡು ದಿನ ಮಲಗಿದ್ದಳು. ಬೆಚ್ಚಗಿರಬೇಕು ಎಂದು ಡಾಕ್ಟರು ಚೀಟಿಯಲ್ಲಿ ಬರೆದು ಕಳಿಸಿದ್ದರು. ಎಲ್ಲಿ ಬೆಚ್ಚಗಿರಬೇಕು ಎಂದು ಬರೆದಿರಲಿಲ್ಲ.

ನಾಲ್ಕು ದಿನ ಅವಳು ಡಬ್ಬಿಗೆ ಕೈಹಾಕಿದಳು. ನಾಲ್ಕೂ ದಿನ ಕಪ್ಪು. ಎರಡನೇ ದಿನ ಅದೇ ಡಬ್ಬಿಯಿಂದ ಪೇಂಟರನಿಗೆ ಬಿಳಿ ಬಂದಿತ್ತು. ಅವನು ಎತ್ತಿನಂತಿದ್ದಾನೆ, ಹಿಮದಲ್ಲಿ ಮಲಗಿದರೂ ಹಿಮವೇ ಕರಗಬೇಕು. ಮೂರನೇ ದಿನವೇ ನಾನು ಕಂಡಕ್ಟರ್ ಜೊತೆ ಜಗಳ ತೆಗೆದಿದ್ದೆ.

“ಒಂದು ಮಂಚ ಅವಳಿಗೆ ಎತ್ತಿಡೋಕಾಗಲ್ವಾ? ಉಳಿದ ಹನ್ನೊಂದನ್ನ ಡಬ್ಬಿಗೆ ಹಾಕಿ. ಯಾರು ಬೇಡ ಅಂತಾರೆ?”

“ಇವತ್ತು ಅವಳಿಗೆ ಎತ್ತಿಟ್ರೆ ನಾಳೆ ಮೂವತ್ತು ಜನಾನೂ ಕೆಮ್ಮತಾರೆ.”

“ಅವಳು ಸತ್ರೆ?”

ಅವರು ಗುಂಡಿ ಎಣಿಸುವುದನ್ನು ನಿಲ್ಲಿಸಿದರು. ಮತ್ತೆ ಮೊದಲಿನಿಂದ ಎಣಿಸಿದರು. “ಸಾಯಬಹುದು” ಎಂದರು. “ಯಾರು ಬೇಕಾದ್ರೂ ಸಾಯಬಹುದು ಅಡುಗೆಯಮ್ಮ. ನನ್ನಿಂದ ಆರಿಸೋಕೆ ಆಗಲ್ಲ. ಇವರಿಗೆ ಬೀದೀಲಿ ಯಾರ ಮೇಲೂ ನಂಬಿಕೆ ಇಲ್ಲ. ಈ ಡಬ್ಬಿ ಮೇಲೆ ಇದೆ. ಅದೊಂದನ್ನ ಬಿಟ್ಟು ನನ್ನ ಹತ್ರ ಏನಿದೆ ಹೇಳಿ.”

ಹಿರಿಯಕ್ಕನನ್ನು ಕೇಳಿದೆ. ಅವರೂ ಅದನ್ನೇ ಹೇಳಿದರು, ಕಾಲಿನ ಬೆರಳಿನ ಕಥೆಯನ್ನು ಇನ್ನೊಮ್ಮೆ ಹೇಳಿದರು. ನೀತಿ ಹೇಳುವವರೆಲ್ಲ ಬೆಚ್ಚಗಿರುವ ಅಡುಗೆಮನೆಯಲ್ಲಿ ನಿಂತೇ ಹೇಳುತ್ತಾರೆ ಎಂದು ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ಆವತ್ತು ರೊಟ್ಟಿಯ ತಟ್ಟೆಯನ್ನು ನಾನು ಇಟ್ಟ ಸದ್ದಿಗೆ ಮಹಡಿಯಲ್ಲಿದ್ದವರು ಕೆಳಗಿಳಿದು ಬಂದರು.

ಐದನೇ ದಿನ ಮೂವತ್ತೊಂದು ಜನ. ಕಂಡಕ್ಟರ್ ಎಣಿಸಿ, ಬಟ್ಟೆ ಬಿಗಿದು, ಟೋಪಿ ತರಲು ಒಳಗೆ ಹೋದರು. ಡಬ್ಬಿ ಮೇಜಿನ ಮೇಲೆ, ನಾನು ಅದರ ಪಕ್ಕ. ಮೊದಲೇ ಯೋಚಿಸಿಟ್ಟಿದ್ದೆ ಎಂದು ಹೇಳಲಾರೆ, ಯೋಚಿಸಿರಲಿಲ್ಲ ಎಂದೂ ಹೇಳಲಾರೆ. ಬಟ್ಟೆಯ ತೂತಿಗೆ ಕಣ್ಣಿಟ್ಟು ಎರಡು ಬೆರಳು ಇಳಿಸಿದೆ, ಒಂದು ಬಿಳಿ ಗುಂಡಿ ತೆಗೆದೆ. ಸೂಜಿಯಮ್ಮ ಆ ಗುಂಡಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಮುಷ್ಟಿ ಇಳಿಸಿ, ಏನೂ ತೆಗೆಯದೆ ಅದನ್ನೇ ತೋರಿಸಿದರೆ ಸಾಕು. ಡಬ್ಬಿಯಲ್ಲಿ ಮೂವತ್ತು ಗುಂಡಿ, ಉಳಿದವರೂ ಮೂವತ್ತು. ಯಾರಿಗೂ ಗೊತ್ತಾಗುವುದಿಲ್ಲ. ಹಿಂದಿನ ಬಾಗಿಲಿಗೆ ಅವಳನ್ನು ಕರೆದು, ಬ್ರೆಡ್ಡಿನ ತುಂಡಿನ ಜೊತೆ ಗುಂಡಿ ಕೊಟ್ಟು, ಏನು ಮಾಡಬೇಕೆಂದು ಪಿಸುಗುಟ್ಟಿದೆ. ಅವಳು ಗುಂಡಿ ನೋಡಿದಳು, ನನ್ನನ್ನು ನೋಡಿದಳು. ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ನಾನು ಅವಳ ಮುಷ್ಟಿಯನ್ನು ನನ್ನ ಕೈಯಿಂದಲೇ ಮುಚ್ಚಿ ಕಳಿಸಿದೆ.

ಸಾಲು ಶುರುವಾಯಿತು. ನಾನು ಸೌಟು ಹಿಡಿದು ಬಾಗಿಲ ಹಿಂದೆ ನಿಂತೆ. ಸೂಜಿಯಮ್ಮ ಹದಿನಾಲ್ಕನೆಯವಳು. ಡಬ್ಬಿಯ ಹತ್ತಿರ ಬರುತ್ತಿದ್ದಂತೆ ಅವಳಿಗೆ ಕೆಮ್ಮು ಹತ್ತಿತು, ಮೈಯೆಲ್ಲ ಅಲ್ಲಾಡಿಸುವ ಕೆಮ್ಮು. ಎಡಗೈ ಬಾಯಿಗೆ, ಬಲಗೈ ಡಬ್ಬಿಗೆ. ಕೈ ಹೊರಬಂದಾಗ ಬೆರಳಿನಲ್ಲಿ ಬಿಳಿ ಇತ್ತು. “ರೈಟ್, ಮುಂದೆ” ಎಂದರು ಕಂಡಕ್ಟರ್, ಮುಖ ತಿರುಗಿಸಿಕೊಂಡೇ. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಒಳಗೆ ಹೋಗಿ ಸೂಪಿಗೆ ಉಪ್ಪು ಹಾಕಿ ತಿರುವಿ ಬಂದೆ.

ಸಾಲಿನ ಕೊನೆಯಲ್ಲಿ ಯಾವಾಗಲೂ ಅದೇ ಒಬ್ಬ ನಿಲ್ಲುತ್ತಿದ್ದ. ಎಲ್ಲರೂ ತೆಗೆದ ಮೇಲೆ ಉಳಿದದ್ದು ನನ್ನದು, ಅದನ್ನು ಯಾರೂ ಮುಟ್ಟಲಾರರು ಎಂಬುದು ಅವನ ನಂಬಿಕೆ. ಕಂಡಕ್ಟರೇ ಅವನಿಗೆ ಲಾಸ್ಟ್ ಸ್ಟಾಪ್ ಎಂದು ಹೆಸರಿಟ್ಟಿದ್ದರು. ಲಾಸ್ಟ್ ಸ್ಟಾಪ್ ಕೈಹಾಕಿದ. ತಡಕಿದ. ಮತ್ತೆ ತಡಕಿದ.

“ಏನೂ ಇಲ್ಲ” ಎಂದ.

“ಸರಿಯಾಗಿ ನೋಡಪ್ಪ.”

“ಇಲ್ಲ ಕಂಡಕ್ಟ್ರೇ. ಖಾಲಿ.”

ಕಂಡಕ್ಟರ್ ಮೊದಲ ಬಾರಿಗೆ ಡಬ್ಬಿಯನ್ನು ಕೆಳಗಿಳಿಸಿ ಬಟ್ಟೆ ಬಿಚ್ಚಿದರು. ಒಳಗೆ ನೋಡಿದರು, ಬುಡಮೇಲು ಮಾಡಿ ತಟ್ಟಿದರು. ಜನ ಆಗಲೇ ಹತ್ತಿರ ಬಂದಿದ್ದರು. ಬಿಳಿ ಗುಂಡಿಯವರು ಒಂದು ಕಡೆ ನಿಂತರು, ಹನ್ನೊಂದು ಜನ. ಕಪ್ಪು ಹತ್ತೊಂಬತ್ತು. ಕಾಣೆಯಾದದ್ದು ಬಿಳಿಯೇ ಎಂದು ಎಣಿಸಲು ಬರುವ ಯಾರಿಗಾದರೂ ತಿಳಿಯುತ್ತಿತ್ತು.

“ನಿನ್ನ ಗುಂಡಿ ಬಿಳೀದೇ ಕಣಪ್ಪ. ನೀನು ಮೇಲೆ ಹೋಗು” ಎಂದರು ಕಂಡಕ್ಟರ್ ಲಾಸ್ಟ್ ಸ್ಟಾಪಿಗೆ. ಅವರ ದನಿ ಎಂದಿನಂತೆಯೇ ಇತ್ತು.

ಪೇಂಟರನ ಕೈಯಲ್ಲಿ ಆವತ್ತು ಕಪ್ಪು. “ಒಂದ್ನಿಮಿಷ” ಎಂದ. “ಅವನು ಹೋಗ್ಲಿ ಬಿಡಿ. ಆ ಬಿಳಿ ಗುಂಡಿ ಎಲ್ಲೋಯ್ತು? ಗುಂಡಿಗೆ ಕಾಲಿದೆಯಾ?”

“ಎಣಿಸೋದ್ರಲ್ಲಿ ತಪ್ಪಿರಬೇಕು.”

“ಹನ್ನೊಂದು ವರ್ಷ ತಪ್ಪದೇ ಇದ್ದೋರು ಇವತ್ತು ತಪ್ಪಿದ್ರಾ? ಅಥವಾ ಇವತ್ತು ಸಿಕ್ಕಿಬಿದ್ರಾ? ದಿನಾ ಒಂದು ಎತ್ತಿಟ್ಕೊಂಡು ಯಾರಿಗೆ ಮಾರ್ತಿದ್ರಿ?”

ಆಗ ಕಂಡಕ್ಟರ್ ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು, ಪ್ಯಾಂಟಿನ ಎರಡೂ ಜೇಬುಗಳನ್ನು ಹೊರಗೆಳೆದು ತೋರಿಸಿದರು. ಒಂದು ಕರವಸ್ತ್ರ, ಒಂದು ಬಾಚಣಿಗೆ, ಜಪಸರ. ಅಂಗಿಯ ಜೇಬನ್ನೂ ಎಳೆದರು. ಜೇಬಿನ ಒಳಗಿನ ಬಿಳೀ ಬಟ್ಟೆ ಜೋತಾಡುತ್ತಿತ್ತು, ಅವರು ಕೈಯೆತ್ತಿ ನಿಂತಿದ್ದರು, ಅರವತ್ತೆಂಟು ವರ್ಷದ ಮನುಷ್ಯ.

“ಜೇಬಲ್ಲಿ ಇಟ್ಕೊಳ್ಳೋಕೆ ನೀನೇನು ದಡ್ಡನಾ?” ಎಂದ ಪೇಂಟರ್. ಎರಡು ಮೂರು ಜನ ನಕ್ಕರು.

ಸೂಜಿಯಮ್ಮ ಬಿಳಿಯವರ ಗುಂಪಿನಿಂದ ನನ್ನನ್ನೇ ನೋಡುತ್ತಿದ್ದಳು. ಅವಳ ಎಡಗೈ ಇನ್ನೂ ಮುಷ್ಟಿಯಾಗಿಯೇ ಇತ್ತು. ಆಗ ನನಗೆ ಅರ್ಥವಾಯಿತು. ಅವಳು ನಾನು ಕೊಟ್ಟದ್ದನ್ನು ತೋರಿಸಿರಲಿಲ್ಲ, ಡಬ್ಬಿಯಿಂದಲೇ ತೆಗೆದಿದ್ದಳು, ಅವಳಿಗೆ ನಿಜವಾಗಿಯೇ ಬಿಳಿ ಬಂದಿತ್ತು. ಹೇಳಲೇ ಎಂದು ಅವಳು ಕಣ್ಣಲ್ಲೇ ಕೇಳಿದಳು. ನಾನು ಬೇಡ ಎಂದು ತಲೆಯಾಡಿಸಿದೆ. ಈಗ ಹೇಳಿದರೆ ಅವಳ ಮಂಚ ಹೋಗುತ್ತದೆ, ಆಮೇಲೆ ಸರಿಮಾಡೋಣ ಎಂದುಕೊಂಡೆ. ಅದು ಅರ್ಧ ನಿಜ. ಇನ್ನರ್ಧ ಹೆದರಿಕೆ. ಎದುರಿಗೆ ಮೂವತ್ತೊಂದು ಜನ, ಸೌಟು ಹಿಡಿದ ನಾನು, ನನ್ನ ಬಾಯಿಗೆ ಬೀಗ ಬಿದ್ದಿತ್ತು. ಎಲ್ಲರ ಮೇಲೂ ಹರಿಹಾಯುವ ಬಾಯಿ ಇದು, ಬೇಕಾದಾಗ ಒಂದು ಮಾತು ಹೊರಡಲಿಲ್ಲ.

ಆ ಸಂಜೆ ಕಂಡಕ್ಟರ್ ಊಟಕ್ಕೆ ಕೂರಲಿಲ್ಲ. ಸೂಜಿಯಮ್ಮ ಸೂಪಿನ ಬಟ್ಟಲು ಹಿಡಿದು ನನ್ನ ಹತ್ತಿರ ಬಂದು, “ನಿಮ್ಮ ಗುಂಡೀನ ಡಬ್ಬಿ ಒಳಗೆ ಬಿಟ್ಟು ಆಮೇಲೆ ನನ್ನದು ತೆಗೀಬೇಕು ಅಂತಿದ್ದೆ. ಕೆಮ್ಮು ಬಂತು. ಅವ್ರು ಮುಂದೆ ಅಂದುಬಿಟ್ರು” ಎಂದಳು. ಅಳುತ್ತಿದ್ದಳು. “ನಾಳೆ ನಾನೇ ಹೇಳ್ತೀನಿ, ನೀನು ಹೋಗಿ ಬೆಚ್ಚಗೆ ಮಲಗು” ಎಂದೆ. ನನ್ನ ಮೇಲೆ ನನಗೇ ಅಸಹ್ಯ ಹುಟ್ಟಿತ್ತು, ಆದರೂ ದನಿಯಲ್ಲಿ ಗದರಿಕೆಯೇ ಬಂತು.

ಊಟವೆಲ್ಲ ಮುಗಿದು ತಟ್ಟೆ ತೊಳೆಯಲು ನಿಂತಾಗ ಕಂಡಕ್ಟರ್ ದಿನದಂತೆ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ಬಂದು ನಿಂತರು. ನಾಲ್ಕು ತಟ್ಟೆ ತೊಳೆದುಕೊಟ್ಟ ಮೇಲೆ ಹೇಳಿದೆ. ಎಲ್ಲವನ್ನೂ ಹೇಳಿದೆ. ಅವರು ಒರೆಸುವುದನ್ನು ನಿಲ್ಲಿಸಲಿಲ್ಲ.

“ಪೇಂಟರ್ ಆ ಮಾತು ಅಂದಾಗ ನೀವು ಎಲ್ಲಿದ್ರಿ?”

“ಬಾಗಿಲ ಹಿಂದೆ.”

“ನಾನು ಜೇಬು ತೋರಿಸಿದಾಗ?”

“ಅಲ್ಲೇ ಇದ್ದೆ.”

ಇನ್ನೂ ಎರಡು ತಟ್ಟೆ ಒರೆಸಿದರು. “ಸೂಜಿಯಮ್ಮಂಗೆ ಮಂಚ ಬೇಕಿತ್ತು, ನನಗೂ ಗೊತ್ತು” ಎಂದರು. “ನಾಲ್ಕು ದಿನ ನಾನು ಮುಖ ತಿರುಗಿಸಿಕೊಂಡು ಹಿಡಿದದ್ದು ಯಾಕೆ ಅಂದ್ಕೊಂಡ್ರಿ? ಗುಂಡಿ ತೆಗೆದದ್ದಕ್ಕೆ ನಾನು ಏನೂ ಅನ್ನಲ್ಲ.” ಬಟ್ಟೆಯನ್ನು ಹಿಂಡಿ ಹಗ್ಗಕ್ಕೆ ಹಾಕಿದರು. “ನಾಳೆ ಬಾಗಿಲಲ್ಲಿ ಹೇಳಿ. ಎಲ್ಲರ ಮುಂದೆ.”

ಹೇಳುತ್ತೇನೆ ಎಂದೆ.

ಬೆಳಿಗ್ಗೆ ನಾನು ಮಹಡಿಗೆ ಹೋದಾಗ ಸೂಜಿಯಮ್ಮನ ಮಂಚ ಖಾಲಿ. ಹಾಸಿಗೆ ಮಡಚಿತ್ತು, ದಿಂಬಿನ ಮೇಲೆ ಎರಡು ಬಿಳಿ ಗುಂಡಿ. ಎಲ್ಲರೂ ಮಲಗಿರುವಾಗಲೇ ಎದ್ದು ಹೋಗಿದ್ದಳು. ಸೂಪಿಗೆ ಬೇರೆಯವರನ್ನು ನಿಲ್ಲಿಸಿ ಬಸ್ ನಿಲ್ದಾಣ, ಮಾರುಕಟ್ಟೆಯ ಜಗಲಿ, ಆಸ್ಪತ್ರೆಯ ಹೊರರೋಗಿಗಳ ಸಾಲು, ಎಲ್ಲ ಹುಡುಕಿ ಬಂದೆ. ಸಿಗಲಿಲ್ಲ. ನಾನು ಅವಳಿಗೆ ಮಂಚ ಕೊಡಿಸಲು ಹೋಗಿ ಬಾಗಿಲನ್ನೇ ಮುಚ್ಚಿದ್ದೆ.

ನಾಲ್ಕು ಗಂಟೆಗೆ ಬಾಗಿಲಿಗೆ ಬಂದೆ. ಅಷ್ಟರಲ್ಲಿ ಎಲ್ಲ ತಿಳಿದಿದ್ದ ಹಿರಿಯಕ್ಕ ನನ್ನ ಒಂದು ಕಡೆ, ಕಂಡಕ್ಟರ್ ಟೋಪಿ ಹಾಕಿಕೊಂಡು ಡಬ್ಬಿ ಹಿಡಿದು ಇನ್ನೊಂದು ಕಡೆ. ಆವತ್ತು ಇಪ್ಪತ್ತೊಂಬತ್ತು ಜನ. ಮಾತು ಸ್ಪಷ್ಟವಾಗಿಯೇ ಬಂತು. ಡಬ್ಬಿಯಿಂದ ಬಿಳಿ ಗುಂಡಿ ತೆಗೆದವಳು ನಾನು, ಕಂಡಕ್ಟರಿಗೆ ಗೊತ್ತಿರಲಿಲ್ಲ, ನಿನ್ನೆ ಅವರಿಗೆ ಅವಮಾನವಾದಾಗ ಸುಮ್ಮನಿದ್ದವಳೂ ನಾನೇ, ಕಳ್ಳಿ ನಾನು ಎಂದೆ. ಎರಡು ಗುಂಡಿಗಳನ್ನು ಅಂಗೈಯಲ್ಲಿಟ್ಟು ತೋರಿಸಿದೆ.

ಬಯ್ಯುತ್ತಾರೆ ಎಂದುಕೊಂಡಿದ್ದೆ. ಉಗಿದರೂ ಸರಿ ಎಂದು ನಿಂತಿದ್ದೆ. ಪೇಂಟರ್ ಮುಂದೆ ಬಂದ. ಅವನ ಕಣ್ಣು ಒದ್ದೆಯಾಗಿತ್ತು.

“ಅಡುಗೆಯಮ್ಮಾ” ಎಂದ, “ನಾನು ಗಾಜು ಒಡೆದಾಗ ಅಕ್ಕ ಹೀಗೇ ಅಂದಿದ್ರು. ನನ್ನ ಕೈಯಿಂದಲೇ ಆಯ್ತು ಅಂತ. ಕಂಬಳಿ ಹೋದಾಗ ನೀವು ಹೀಗೇ ಅಂದ್ರಿ. ನಿಮ್ಮ ಮನಸ್ಸು ನಮಗೆ ಗೊತ್ತಿಲ್ವಾ?”

“ಅಯ್ಯೋ, ಇದು ಹಾಗಲ್ಲ ಕಣೋ. ಇದು ನಿಜ!”

“ಇರ್ಲಿ ಬಿಡಿ ಅಮ್ಮಾ. ಅವ್ರು ವಯಸ್ಸಾದೋರು, ನೀವು ಉಳಿಸ್ತಿದ್ದೀರಿ. ನಾವೂ ಇನ್ನೇನೂ ಅನ್ನಲ್ಲ. ಮುಗೀತು.”

“ಸೂಜಿಯಮ್ಮನ್ನ ಕೇಳಿ!”

“ಎಲ್ಲಿದ್ದಾಳೆ?” ಎಂದಿತು ಹಿಂದಿನಿಂದ ಒಂದು ದನಿ. ಗುಂಡಿಯನ್ನು ಯಾವ ಅಂಗಿಯಿಂದ ಬೇಕಾದರೂ ಕಿತ್ತು ತರಬಹುದು ಎಂದಿತು ಇನ್ನೊಂದು. ನಾನು ಹಿರಿಯಕ್ಕನ ಕಡೆ ತಿರುಗಿದೆ. ಅವರು, “ಅವಳು ಹೇಳ್ತಿರೋದು ನಿಜ. ದೇವರಾಣೆಗೂ ನಿಜ” ಎಂದರು. ಲಾಸ್ಟ್ ಸ್ಟಾಪ್ ಪಾಪ, ಮೆಲ್ಲಗೆ, ಯಾರನ್ನೂ ನೋಯಿಸಬಾರದೆಂಬಂತೆ, “ನೀವು ಇನ್ನೇನು ಅಂತೀರಾ ಅಕ್ಕ” ಎಂದ. ಜನ ಅವರನ್ನು ನೋಡಿ ಪ್ರೀತಿಯಿಂದ ನಕ್ಕರು.

ನಾನು ಕಿರುಚಿದೆ. ಅತ್ತೆ. ತಂಗಿಯ ಆಣೆ, ತಂಗಿಯ ಮಕ್ಕಳ ಆಣೆ ಎಲ್ಲ ಇಟ್ಟೆ. ಎಷ್ಟು ಹೆಚ್ಚು ಅತ್ತೆನೋ ಅಷ್ಟು ಹೆಚ್ಚು ಒಳ್ಳೆಯವಳಾಗುತ್ತ ಹೋದೆ. ಒಬ್ಬಳು ಬಂದು ನನ್ನ ಬೆನ್ನು ಸವರಿದಳು. ಇಷ್ಟು ವರ್ಷ ಸುಳ್ಳು ಹೇಳಿ ಗಳಿಸಿದ ಒಳ್ಳೆಯ ಹೆಸರೆಲ್ಲ ಆವತ್ತು ಒಟ್ಟಿಗೆ ನನ್ನ ಮುಂದೆ ಬಂದು ನಿಂತಿತ್ತು, ದಾಟಲು ಬಿಡಲಿಲ್ಲ.

ಕಂಡಕ್ಟರ್ ಡಬ್ಬಿಯನ್ನು ತಲೆಗಿಂತ ಮೇಲೆ ಎತ್ತಿದರು. “ಕೈ ಹಾಕಿ” ಎಂದರು. ಮೊದಲು ನಿಂತಿದ್ದವನು ಹಾಕಲಿಲ್ಲ. ನೆಲ ನೋಡುತ್ತ ನಿಂತ. ಅವನ ಹಿಂದಿನವಳೂ ಕೈ ಎತ್ತಲಿಲ್ಲ.

“ಬೇಜಾರು ಮಾಡ್ಕೋಬೇಡಿ” ಎಂದ ಪೇಂಟರ್. “ಡಬ್ಬಿ ಅಡುಗೆಯಮ್ಮ ಹಿಡೀಲಿ. ಅವರ ಮೇಲೆ ನಮಗೆ ನಂಬಿಕೆ ಇದೆ.”

ಹೌದು ಹೌದು ಎಂದರು ಎಲ್ಲರೂ. ನಾನು ಸುತರಾಂ ಒಲ್ಲೆ ಎಂದೆ. ಹಿರಿಯಕ್ಕ ತಾವು ಹಿಡಿಯುತ್ತೇನೆ ಎಂದು ಕೈ ಚಾಚಿದರು. ಕಂಡಕ್ಟರ್ ಅವರಿಗೆ ಕೊಡಲಿಲ್ಲ. ನನ್ನ ಎರಡೂ ಕೈ ಹಿಡಿದು ಅದರೊಳಗೆ ಡಬ್ಬಿ ಇಟ್ಟರು.

“ಹಿಡೀರಿ” ಎಂದರು. “ಚಳಿ ಇದೆ. ಜನ ಎಷ್ಟು ಹೊತ್ತು ಅಂತ ನಿಲ್ತಾರೆ.”

ಮೂರು ತಿಂಗಳಾಯಿತು. ದಿನಾ ಮೂರೂವರೆಗೆ ತಲೆ ಎಣಿಸುತ್ತೇನೆ, ಎರಡು ಸಲ ಗುಂಡಿ ಎಣಿಸುತ್ತೇನೆ. ಸೂಜಿಯಮ್ಮ ಮತ್ತೆ ಬಂದಿಲ್ಲ. ಯಾರು ಕೆಮ್ಮಿದರೂ ನನ್ನ ಕಣ್ಣು ಸಾಲಿನ ಉದ್ದಕ್ಕೂ ಓಡುತ್ತದೆ. ಕಂಡಕ್ಟರ್ ಆ ಹೊತ್ತಿನಲ್ಲಿ ಬಾಗಿಲ ಕಡೆ ಬರುವುದಿಲ್ಲ, ಅಡುಗೆಮನೆಯಲ್ಲಿ ಕೂತು ನನ್ನ ಬದಲಿಗೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾರೆ. ನನ್ನ ಜೊತೆ ಮಾತು ಬಿಟ್ಟಿಲ್ಲ. ಉಪ್ಪು ಎಲ್ಲಿ, ಪಾತ್ರೆ ಎಲ್ಲಿ, ಇಷ್ಟು ಮಾತಾಡುತ್ತಾರೆ. ಹಿರಿಯಕ್ಕ ಡಬ್ಬಿ ಕೊಟ್ಟ ಕಥೆಯನ್ನು ಮಾತ್ರ ಆಮೇಲೆ ಒಮ್ಮೆಯೂ ಹೇಳಿಲ್ಲ.

ಕಳೆದ ವಾರ ಒಬ್ಬ ಹೊಸಬ ಬಂದಿದ್ದ. ಈ ಡಬ್ಬಿಯಲ್ಲಿ ಮೋಸ ಇಲ್ಲ ತಾನೇ ಎಂದು ಅನುಮಾನದಿಂದ ಕೇಳಿದ. ಪೇಂಟರ್ ಅವನ ಹೆಗಲ ಮೇಲೆ ಕೈಹಾಕಿ, “ಮುಂಚೆ ಇತ್ತಪ್ಪ. ಈ ಅಮ್ಮ ಹಿಡಿದ ಮೇಲೆ ಎಲ್ಲ ನ್ಯಾಯವಾಗಿ ನಡೀತಿದೆ” ಎಂದ, ಅವನ ಎಂದಿನ ದೊಡ್ಡ ದನಿಯಲ್ಲಿ. ನನ್ನ ಬೆನ್ನ ಹಿಂದೆ, ಅಡುಗೆಮನೆಯಲ್ಲಿ, ಸಿಪ್ಪೆ ತೆಗೆಯುವ ಸದ್ದು ನಿಂತಿತು. ನಾನು ಬಾಯಿ ತೆರೆದೆ. ಮತ್ತೆ ಹೇಳಿದರೆ ಇವರು ನನ್ನನ್ನು ಇನ್ನಷ್ಟು ಹೊಗಳುತ್ತಾರೆ, ಅದನ್ನೂ ಕಂಡಕ್ಟರ್ ಒಳಗಿನಿಂದ ಕೇಳಬೇಕಾಗುತ್ತದೆ. ಹೊಸಬ ಕೈ ಹಾಕಿ ಗುಂಡಿ ತೆಗೆದ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಮತ್ತೆ ಸಿಪ್ಪೆ ತೆಗೆಯತೊಡಗಿದರು.